ಹೊಸ ಫೋನಿನ ಹಣದಲ್ಲಿ ಇಬ್ಬರೂ ಊರು ಸುತ್ತಿ ಬರಬೇಕೇ?

ದಸರೆ, ದೀಪಾವಳಿಯ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಬೋನಸ್ಸೋ ಚೀಟಿಯ ಹಣವೋ ಸೇರಿ ಇಪ್ಪತ್ತು–ಇಪ್ಪತ್ತೈದು ಸಾವಿರ ರೂಪಾಯಿ ಕೈಗೆ ಬರುತ್ತದೆ. ಅದೇ ದಿನಗಳಲ್ಲಿ ಮೊಬೈಲ್ ಕಂಪನಿಗಳ ಹಬ್ಬದ ಆಫರ್‌ಗಳೂ ಬರುತ್ತವೆ. ಮನೆಯಲ್ಲಿರುವ ಒಂದು ಫೋನಿಗೆ ನಾಲ್ಕು ವರ್ಷ ತುಂಬಿದೆ. ಸಂಜೆಯೊಳಗೆ ಚಾರ್ಜ್ ಮುಗಿಯುತ್ತದೆ, ಗಾಜು ಮೂಲೆಯಲ್ಲಿ ಒಡೆದಿದೆ, ಆದರೂ ಕರೆ, ವಾಟ್ಸ್‌ಆ್ಯಪ್, ಹಣ ಪಾವತಿ ಎಲ್ಲವೂ ನಡೆಯುತ್ತಿದೆ. ಇತ್ತ ಗಂಡ ಹೆಂಡತಿ ಇಬ್ಬರೇ ಎಲ್ಲಾದರೂ ಹೋಗಿ ಬಂದು ವರ್ಷಗಳಾಗಿವೆ. ಎರಡಕ್ಕೂ ಹಣ ಸಾಲದು. ಹಳೆಯ ಫೋನ್ ಇನ್ನೂ ನಡೆಯುತ್ತಿದ್ದರೆ, ಹೊಸದನ್ನು ಮುಂದೂಡಿ ಆ ಹಣದಲ್ಲಿ ದಂಪತಿ ಪ್ರವಾಸ ಹೋಗುವುದೇ ಸರಿಯೇ? ಎರಡೂ ಕಡೆಯ ವಾದ ಇಲ್ಲಿದೆ.

ಪರ: ಫೋನ್ ಕಾಯಬಲ್ಲದು, ನೀವಿಬ್ಬರೂ ಕಾಯಬೇಡಿ

"ಫೋನ್ ಹೋಯಿತು" ಎಂದು ನಾವು ಹೇಳುವಾಗ ಬಹುಪಾಲು ಸಲ ಹೋಗಿರುವುದು ಅದರ ಬ್ಯಾಟರಿ ಮಾತ್ರ. ಲಿಥಿಯಂ–ಅಯಾನ್ ಬ್ಯಾಟರಿಗೆ ಹುಟ್ಟಿನಿಂದಲೇ ಆಯಸ್ಸು ನಿಗದಿಯಾಗಿರುತ್ತದೆ. ಐಫೋನ್ 14ರವರೆಗಿನ ಮಾದರಿಗಳ ಬ್ಯಾಟರಿ 500 ಸಲ ಪೂರ್ತಿ ಚಾರ್ಜ್ ಆಗುವ ಹೊತ್ತಿಗೆ ಮೂಲ ಸಾಮರ್ಥ್ಯದ ಶೇ 80ರಷ್ಟನ್ನು ಉಳಿಸಿಕೊಳ್ಳುವಂತೆ ರೂಪಿಸಲಾಗಿದೆ ಎಂದು ಆ್ಯಪಲ್ ಕಂಪನಿಯೇ ಹೇಳುತ್ತದೆ. ದಿನಕ್ಕೊಂದು ಸಲ ಚಾರ್ಜ್ ಮಾಡುವವರಿಗೆ ಆ ಲೆಕ್ಕ ಎರಡು ವರ್ಷದೊಳಗೇ ಮುಗಿಯುತ್ತದೆ. ನಾಲ್ಕು ವರ್ಷದ ಫೋನ್ ಸಂಜೆಗೆ ಸುಸ್ತಾದರೆ ಅದು ಬ್ಯಾಟರಿಯ ವಯಸ್ಸು. ಫೋನಿನ ಉಳಿದ ಭಾಗಗಳು ಗಟ್ಟಿಮುಟ್ಟಾಗಿಯೇ ಇರಬಹುದು. ಸಾಧಾರಣ ಆಂಡ್ರಾಯ್ಡ್ ಫೋನಿಗೆ ಕಂಪನಿಯ ಸರ್ವಿಸ್ ಸೆಂಟರ್‌ನಲ್ಲೇ ಒಂದೆರಡು ಸಾವಿರ ರೂಪಾಯಿಗೆ ಹೊಸ ಬ್ಯಾಟರಿ ಹಾಕಿಸಬಹುದು. ತುಂಬಿ ತುಳುಕುತ್ತಿರುವ ಫೋಟೊ, ವಿಡಿಯೊಗಳನ್ನು ಬೇರೆಡೆಗೆ ಸಾಗಿಸಿ ಜಾಗ ಮಾಡಿಕೊಟ್ಟರೆ ಅದರ ನಿಧಾನಗತಿಯೂ ಒಂದಿಷ್ಟು ಕಡಿಮೆಯಾದೀತು.

ರಿಪೇರಿ ಮಾಡಿಸಿಕೊಂಡು ಬಳಸುವುದನ್ನು ಸರಕಾರವೂ ಈಗ ಗ್ರಾಹಕರ ಹಕ್ಕಿನ ವಿಷಯವಾಗಿ ನೋಡುತ್ತಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲೇ ಇದಕ್ಕೆಂದು ಜಾಲತಾಣ ತೆರೆದಿದೆ. ಫೋನ್ ತಯಾರಕರ ಮಾತೂ ಬದಲಾಗಿದೆ. 2023ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 8 ಫೋನಿಗೆ, 2024ರಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್24 ಫೋನಿಗೆ ಏಳು ವರ್ಷ ಸಾಫ್ಟ್‌ವೇರ್ ಅಪ್‌ಡೇಟ್ ಕೊಡುವ ಭರವಸೆ ನೀಡಿದವು. ಒಂದು ಫೋನ್ ಏಳು ವರ್ಷ ಬಾಳಬಲ್ಲದು ಎಂದು ಅದನ್ನು ಮಾರುವವರೇ ಒಪ್ಪಿದ ಮೇಲೆ ನಾಲ್ಕನೇ ವರ್ಷಕ್ಕೆ ನಾವೇಕೆ ಅವಸರಪಡಬೇಕು? ಒಂದು ಫೋನು ಬದುಕಿಡೀ ಉಂಟುಮಾಡುವ ಇಂಗಾಲದ ಹೊರೆಯಲ್ಲಿ ದೊಡ್ಡ ಪಾಲು ಅದರ ತಯಾರಿಕೆಯಲ್ಲೇ ಆಗಿಹೋಗಿರುತ್ತದೆ. ಹಾಗಾಗಿ ಹಳೆಯದನ್ನು ಇನ್ನೊಂದು ವರ್ಷ ಬಳಸುವುದೇ ಮನೆಯಲ್ಲಿ ಕುಳಿತು ಮಾಡಬಹುದಾದ ಪರಿಸರದ ಕೆಲಸ.

"ಕಂತಿನಲ್ಲಿ ತೆಗೆದುಕೊಂಡರೆ ಎರಡೂ ಆಗುತ್ತದಲ್ಲ" ಎನ್ನುವವರಿದ್ದಾರೆ. ಬಡ್ಡಿಯಿಲ್ಲದ ಕಂತು ಎಂಬುದು ನಿಜವಾಗಿ ಇಲ್ಲ. ಕ್ರೆಡಿಟ್ ಕಾರ್ಡ್‌ಗಳ ಶೂನ್ಯ ಬಡ್ಡಿ ಯೋಜನೆಗಳಲ್ಲಿ ಬಡ್ಡಿಯನ್ನು ಸಂಸ್ಕರಣಾ ಶುಲ್ಕದ ಹೆಸರಿನಲ್ಲಿ ಮರೆಮಾಚಲಾಗುತ್ತಿದೆ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಈಗಿನ 'ನೋ ಕಾಸ್ಟ್' ಕಂತಿನಲ್ಲೂ ಬಡ್ಡಿ ಇರುತ್ತದೆ. ಅಷ್ಟೇ ಮೊತ್ತದ ರಿಯಾಯಿತಿ ತೋರಿಸಿ ಅದನ್ನು ಸರಿದೂಗಿಸುತ್ತಾರೆ, ಆ ಬಡ್ಡಿಯ ಮೇಲಿನ ಜಿಎಸ್‌ಟಿ ಮಾತ್ರ ನಮ್ಮ ತಲೆಗೆ ಬರುತ್ತದೆ.

ಇನ್ನು ಪ್ರವಾಸ. ಇಬ್ಬರ ಪ್ರವಾಸವೆಂದರೆ ಬಾಲಿ, ಮಾಲ್ಡೀವ್ಸ್ ಎಂದೇನೂ ಇಲ್ಲ. ಹಂಪಿಯನ್ನೇ ನೋಡಿ: ಬೆಂಗಳೂರಿನಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಹೊಸಪೇಟೆ. ಸ್ಲೀಪರ್ ದರ್ಜೆಯಲ್ಲಿ ಇಬ್ಬರೂ ಹೋಗಿಬರಲು ಎರಡು ಸಾವಿರ ರೂಪಾಯಿಯೂ ಆಗುವುದಿಲ್ಲ. ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸಿನಲ್ಲಾದರೆ 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದಾಗಿ ಹೆಂಡತಿಗೆ ಟಿಕೆಟ್ ಹಣವೇ ಇಲ್ಲ. ಉಳಿದುಕೊಳ್ಳಲು ಕಮಲಾಪುರದಲ್ಲಿ ಪ್ರವಾಸೋದ್ಯಮ ನಿಗಮದ ಮಯೂರ ಭುವನೇಶ್ವರಿ ಹೋಟೆಲ್ ಇದೆ. ದಿನಕ್ಕೆ 7,500 ರೂಪಾಯಿವರೆಗಿನ ಹೋಟೆಲ್ ಕೋಣೆಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಮೊಬೈಲ್ ಫೋನಿನ ಮೇಲೆ 2020ರಿಂದಲೂ ಶೇ 18. ಮಾತಂಗ ಬೆಟ್ಟದ ಮೇಲೆ ಸೂರ್ಯೋದಯ, ವಿಜಯ ವಿಠ್ಠಲ ದೇವಾಲಯದ ಕಲ್ಲಿನ ರಥ, ತುಂಗಭದ್ರೆಯಲ್ಲಿ ತೆಪ್ಪದ ಸುತ್ತಾಟ, ನದಿಯಾಚೆಯ ಆನೆಗೊಂದಿ. ಬ್ಯಾಟರಿ ಬದಲಿಸಿದ ಖರ್ಚೂ ಸೇರಿ ಅಂದುಕೊಂಡ ಹಣದಲ್ಲಿ ಒಂದಿಷ್ಟು ಮಿಕ್ಕೇ ಮಿಗುತ್ತದೆ.

ಹಣಕ್ಕಿಂತ ದೊಡ್ಡ ವಿಷಯ ಒಂದಿದೆ. ನಮ್ಮ ಮನೆಗಳಲ್ಲಿ ಗಂಡ ಹೆಂಡತಿ ದಿನವಿಡೀ ಆಡುವ ಮಾತಿನ ಬಹುಪಾಲು ಹಾಲು, ಫೀಸು, ಗ್ಯಾಸು, ಅಮ್ಮನ ಮಾತ್ರೆ ಇವುಗಳದ್ದೇ. ಹೆಂಡತಿಯಾದವಳಿಗೆ ಭಾನುವಾರವೂ ಬೆಳಗ್ಗೆ ತಿಂಡಿ ಏನು ಎಂಬ ಪ್ರಶ್ನೆ ತಪ್ಪುವುದಿಲ್ಲ. ಮೂರು ದಿನ ಒಲೆ ಹಚ್ಚದೆ, ಯಾರಿಗೂ ಬಡಿಸದೆ, ಬೇರೆಯವರು ತಂದಿಟ್ಟ ಕಾಫಿ ಕುಡಿಯುತ್ತಾ ಕೂರುವುದು ಅವಳ ಪಾಲಿಗೆ ಎಷ್ಟು ದೊಡ್ಡದು ಎಂದು ಅವಳನ್ನೇ ಕೇಳಬೇಕು. ಯಾವ ಹೊಸ ಫೋನೂ ಅಡುಗೆಮನೆಯಿಂದ ಅವಳಿಗೆ ಮೂರು ದಿನದ ಬಿಡುವು ಕೊಡಿಸಲಾರದು.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಲೀಫ್ ವ್ಯಾನ್ ಬೋವೆನ್ ಮತ್ತು ಥಾಮಸ್ ಗಿಲೊವಿಚ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಸ್ತುಗಳಿಗೆ ಸುರಿದ ಹಣಕ್ಕಿಂತ ಅನುಭವಗಳಿಗೆ ಮಾಡಿದ ಖರ್ಚು ತಮ್ಮನ್ನು ಹೆಚ್ಚು ಸಂತೋಷಪಡಿಸಿತು ಎಂದು ಹೆಚ್ಚಿನವರು ಹೇಳಿದ್ದರು. ಹೊಸ ಫೋನ್ ಎರಡು ವಾರದಲ್ಲಿ ಮಾಮೂಲಿಯಾಗುತ್ತದೆ; ಅದರಲ್ಲೂ ಅದೇ ವಾಟ್ಸ್‌ಆ್ಯಪ್, ಅದೇ ಯೂಟ್ಯೂಬ್. ಇಬ್ಬರೂ ಸೇರಿ ನೋಡಿದ ಊರು ಮುಂದಿನ ಹತ್ತು ವರ್ಷದ ಮಾತುಕತೆಗೆ ಒದಗುತ್ತದೆ. ಫೋನಿನ ಬೆಲೆ ಮುಂದಿನ ವರ್ಷ ಇಳಿದೀತು. ಮಾತಂಗ ಬೆಟ್ಟ ಹತ್ತುವ ಮೊಣಕಾಲು ಮುಂದಿನ ವರ್ಷಕ್ಕೆ ಹೀಗೇ ಇರುತ್ತದೆಂಬ ಭರವಸೆ ಯಾರಿಗೂ ಇಲ್ಲ. ಹೋಗಿ ಬನ್ನಿ.

ವಿರೋಧ: ಕಾಯುತ್ತಿರುವುದು ಯಾರ ಫೋನ್ ಎಂದು ಮೊದಲು ನೋಡಿ

ಫೋನನ್ನು ಷೋಕಿಯ ವಸ್ತುವೆಂದು ಎಣಿಸಿ ತೂಗಿದರೆ ಪ್ರವಾಸವೇ ಗೆಲ್ಲುತ್ತದೆ. ಆದರೆ ಇವತ್ತು ಬ್ಯಾಂಕು, ಗ್ಯಾಸ್ ಬುಕಿಂಗ್, ಶಾಲೆಯ ಸೂಚನೆ, ಆಸ್ಪತ್ರೆಯ ಚೀಟಿ, ಡಿಜಿಲಾಕರ್‌ನಲ್ಲಿರುವ ಲೈಸೆನ್ಸ್, ಪ್ರತಿಯೊಂದಕ್ಕೂ ಬರುವ ಓಟಿಪಿ, ಎಲ್ಲವೂ ಅದೇ ಒಂದು ಸಾಧನದಲ್ಲಿವೆ. ಯುಪಿಐ ಆ್ಯಪ್ ಆ ಸಿಮ್‌ಗೂ ಆ ಫೋನಿಗೂ ಬೆಸೆದುಕೊಂಡಿರುತ್ತದೆ. ಫೋನ್ ಸತ್ತರೆ ಬೇರೊಂದು ಫೋನಿಗೆ ಸಿಮ್ ಹಾಕಿ, ಮತ್ತೆ ನೋಂದಾಯಿಸಿಕೊಂಡು, ಮತ್ತೆ ಖಚಿತಪಡಿಸಬೇಕು. ಅದು ತುರ್ತು ಚಿಕಿತ್ಸೆಗೆ ಹಣ ಕಟ್ಟುವ ಹೊತ್ತಿನಲ್ಲೇ ಆಗಬಾರದೆಂದೇನೂ ಇಲ್ಲ. ಬ್ಲೌಸ್ ಹೊಲಿಯುವವರಿಗೆ ಆರ್ಡರ್ ಬರುವುದು ವಾಟ್ಸ್‌ಆ್ಯಪ್‌ನಲ್ಲಿ. ಆಟೊ ಓಡಿಸುವವರಿಗೆ, ಡೆಲಿವರಿ ಹುಡುಗರಿಗೆ, ಮನೆಮನೆ ಸುತ್ತಿ ವಿವರ ದಾಖಲಿಸುವ ಆಶಾ ಕಾರ್ಯಕರ್ತೆಯರಿಗೆ ಫೋನೇ ದುಡಿಮೆಯ ಸಾಧನ. ಅಂಥವರಿಗೆ "ಇನ್ನೊಂದು ವರ್ಷ ತಳ್ಳಿ" ಎನ್ನುವುದು ಹೊಣೆಗೇಡಿ ಸಲಹೆ.

"ನಡೆಯುತ್ತಿದೆಯಲ್ಲ" ಎಂಬ ಮಾತಿನಲ್ಲೇ ಮೋಸವಿದೆ. ಏಳು ವರ್ಷ ಅಪ್‌ಡೇಟ್ ಕೊಡುವ ಭರವಸೆ ಬಂದಿರುವುದು ಇತ್ತೀಚಿನ ದುಬಾರಿ ಮಾದರಿಗಳಿಗೆ. ನಾಲ್ಕು ವರ್ಷದ ಹಿಂದೆ ಹದಿನೈದು ಸಾವಿರಕ್ಕೆ ಕೊಂಡ ಫೋನಿಗೆ ಆ ಮಾತು ಅನ್ವಯಿಸದು. ಅಂಥ ಎಷ್ಟೋ ಫೋನ್‌ಗಳಿಗೆ ಭದ್ರತಾ ಅಪ್‌ಡೇಟ್ ಬರುವುದು ನಿಂತೇ ಹೋಗಿರುತ್ತದೆ. ಪರದೆ ಬೆಳಗುತ್ತದೆ, ಕರೆ ಬರುತ್ತದೆ, ಒಳಗಿನ ಲೋಪಗಳನ್ನು ಮುಚ್ಚುವವರು ಮಾತ್ರ ಯಾರೂ ಇರುವುದಿಲ್ಲ. ಮದುವೆ ಕರೆಯೋಲೆ ಎಂಬ ಹೆಸರಿನಲ್ಲಿ ಕಳ್ಳ ಆ್ಯಪ್ ಕಳಿಸಿ ಖಾತೆ ದೋಚುವ ಈ ಕಾಲದಲ್ಲಿ ಮನೆಯ ಉಳಿತಾಯವನ್ನು ಅಂಥ ಫೋನಿನಲ್ಲಿ ಇಟ್ಟುಕೊಂಡಿರುವುದು ಉಳಿತಾಯವಲ್ಲ.

ಬ್ಯಾಟರಿ ಬದಲಿಸಿದರೆ ಸಾಕು ಎಂಬುದೂ ಅರ್ಧಸತ್ಯ. ಹಿಂಬದಿಯ ಮುಚ್ಚಳ ಎದ್ದು ನಿಂತಿದ್ದರೆ ಒಳಗೆ ಬ್ಯಾಟರಿ ಉಬ್ಬಿದೆ ಎಂದರ್ಥ. ಅದನ್ನು ಚಾರ್ಜ್ ಮಾಡುವುದೇ ಅಪಾಯ. ಹಳೆಯ ಮಾದರಿಗೆ ಅಸಲಿ ಬಿಡಿಭಾಗ ಸಿಗದೆ ರಸ್ತೆಬದಿ ಅಂಗಡಿಯಲ್ಲಿ ಹಾಕಿಸಿದ ಬ್ಯಾಟರಿಗೆ ಯಾರೂ ಹೊಣೆಯಲ್ಲ. ಬ್ಯಾಟರಿ, ಗಾಜು, ಚಾರ್ಜಿಂಗ್ ಪೋರ್ಟ್ ಮೂರನ್ನೂ ಸರಿಮಾಡಿಸಲು ಹೊರಟರೆ ಫೋನಿನ ಇಂದಿನ ಬೆಲೆಯೇ ರಿಪೇರಿಗೆ ಹೋಗುವುದುಂಟು.

ಪರ ವಾದಿಸಿದವರು ಹೆಂಡತಿಯ ವಿಶ್ರಾಂತಿಯ ಬಗ್ಗೆ ಆಡಿದ ಮಾತು ನಿಜ. ಅದನ್ನೇ ಹಿಡಿದು ಇನ್ನೊಂದು ಪ್ರಶ್ನೆ ಕೇಳುತ್ತೇನೆ: ಮನೆಯಲ್ಲಿ ಆ ಹಳೆಯ ಫೋನ್ ಇರುವುದು ಯಾರ ಕೈಯಲ್ಲಿ? ಗಂಡ ಹೊಸದನ್ನು ಕೊಂಡು ತನ್ನ ಹಳೆಯದನ್ನು ಹೆಂಡತಿಗೆ ದಾಟಿಸುವುದು ಎಷ್ಟೋ ಮನೆಗಳಲ್ಲಿ ರೂಢಿಯಾಗಿಬಿಟ್ಟಿದೆ. ಹಾಗೆ ಬಂದ ಫೋನಿನಲ್ಲೇ ಅವಳು ಮಗುವಿನ ಪಾಠ ತೆರೆಯಬೇಕು, ಸ್ವಸಹಾಯ ಸಂಘದ ಲೆಕ್ಕ ನೋಡಬೇಕು, ರಾತ್ರಿ ಬಸ್ ಇಳಿದು ಮನೆಗೆ ಕರೆ ಮಾಡಬೇಕು. "ಫೋನ್ ಕಾಯುತ್ತದೆ" ಎಂದು ಸಲೀಸಾಗಿ ಹೇಳುವಾಗ ಕಾಯುತ್ತಿರುವವಳು ಅವಳೇ ಆಗಿರುತ್ತಾಳೆ. ಅವಳ ಹೆಸರಿಗೇ ಒಂದು ಹೊಸ ಫೋನ್ ಬರುವುದು ಮೂರು ದಿನದ ಬಿಡುವಿಗಿಂತ ಕಡಿಮೆಯದ್ದಲ್ಲ. ಅದು ವರ್ಷವಿಡೀ ಅವಳ ಕೈಯಲ್ಲಿರುತ್ತದೆ.

ಅಧ್ಯಯನಗಳನ್ನು ಪೂರ್ತಿ ಓದಬೇಕು. ಅನುಭವಕ್ಕೆ ಮಾಡಿದ ಖರ್ಚೇ ಹೆಚ್ಚು ಸುಖ ಕೊಡುತ್ತದೆ ಎಂಬುದು ಕೈಯಲ್ಲಿ ಹಣವಿರುವವರ ವಿಷಯದಲ್ಲಿ ಹೆಚ್ಚು ನಿಜ; ಕಡಿಮೆ ಅನುಕೂಲವಿರುವವರಿಗೆ ವಸ್ತುಗಳೂ ಅಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚೇ ಸಂತೋಷ ಕೊಡುತ್ತವೆ ಎಂದು 2018ರಲ್ಲಿ 'ಸೈಕಲಾಜಿಕಲ್ ಸೈನ್ಸ್' ಪತ್ರಿಕೆಯಲ್ಲಿ ಬಂದ ಸಂಶೋಧನೆ ತೋರಿಸಿತು. 2010ರಲ್ಲಿ ನೆದರ್ಲೆಂಡ್ಸ್‌ನ 1,530 ಜನರ ಮೇಲೆ ನಡೆದ ಅಧ್ಯಯನದಲ್ಲಿ, ಪ್ರವಾಸಕ್ಕೆ ಹೊರಡುವ ಮುನ್ನ ಜನ ಹೆಚ್ಚು ಖುಷಿಯಾಗಿದ್ದರು. ವಾಪಸಾದ ಮೇಲೆ, ತೀರಾ ನಿರಾಳವಾದ ಪ್ರವಾಸ ಮಾಡಿ ಬಂದವರನ್ನು ಬಿಟ್ಟರೆ, ಹೋಗಿಬಂದವರಿಗೂ ಮನೆಯಲ್ಲೇ ಇದ್ದವರಿಗೂ ಸಂತೋಷದಲ್ಲಿ ವ್ಯತ್ಯಾಸವಿರಲಿಲ್ಲ.

ನಮ್ಮಲ್ಲಿ ಪ್ರವಾಸ ನಿರಾಳವಾಗಿರುವುದೇ ಕಷ್ಟ. ಬೋನಸ್ ಬರುವುದೂ ರಜೆ ಸಿಗುವುದೂ ಹಬ್ಬಕ್ಕೇ. ಕೋಣೆಗಳ ಬಾಡಿಗೆ ಏರುವುದೂ ರೈಲಿನಲ್ಲಿ ಸೀಟು ಸಿಗದಿರುವುದೂ ಆಗಲೇ. ಜನರ ಒತ್ತಡ ತಾಳಲಾರದೆ ಮುಳ್ಳಯ್ಯನಗಿರಿಯ ದಾರಿಗೆ 2025ರಲ್ಲಿ ವಾಹನಗಳ ಮಿತಿ ಹೇರಿ ಮುಂಗಡ ನೋಂದಣಿ ತರಬೇಕಾಯಿತು. ಕುದುರೆಮುಖ ಚಾರಣಕ್ಕೂ ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ. ಆ ನೋಂದಣಿ, ಟಿಕೆಟ್, ದಾರಿ ತೋರುವ ನಕ್ಷೆ, ಹೋಟೆಲಿನ ಪಾವತಿ, ಎಲ್ಲಕ್ಕೂ ಫೋನೇ ಬೇಕು. ಸಂಜೆಯವರೆಗೆ ಬಾಳದ ಫೋನ್ ಹಿಡಿದು ಘಟ್ಟದ ದಾರಿಯಲ್ಲಿ ಪರದಾಡುವುದು ಯಾರಿಗೂ ವಿಶ್ರಾಂತಿಯಾಗದು.

ನಾನು ಪ್ರವಾಸವೇ ಬೇಡ ಎನ್ನುತ್ತಿಲ್ಲ. ಇಬ್ಬರೂ ಒಟ್ಟಿಗೆ ಕಳೆಯುವ ಸಮಯಕ್ಕೆ ಇಪ್ಪತ್ತೈದು ಸಾವಿರದ ಬೆಲೆ ಕಟ್ಟುವುದು ಬೇಡ ಎನ್ನುತ್ತಿದ್ದೇನೆ. ಶಕ್ತಿ ಯೋಜನೆಯ ಬಸ್ಸು ಹಂಪಿಗೆ ಹೋಗುವಂತೆ ಮೈಸೂರು ಕಡೆಗೂ ಹೋಗುತ್ತದೆ. ಬೆಂಗಳೂರಿನಿಂದ ಬೆಳಗ್ಗೆ ಹೊರಟರೆ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಸೋಮನಾಥಪುರವನ್ನು ನೋಡಿ, ಮೈಸೂರಿನಲ್ಲಿ ಊಟ ಮಾಡಿ ರಾತ್ರಿ ಮನೆ ಸೇರಬಹುದು. ಇನ್ನೊಂದು ತಿಂಗಳು ಮೇಲುಕೋಟೆ, ಮತ್ತೊಂದು ತಿಂಗಳು ಶಿವಗಂಗೆ. ಒಂದು ಸಾವಿರ ರೂಪಾಯಿ ಸಾಕು, ಮಕ್ಕಳನ್ನು ಒಂದು ದಿನ ಅಜ್ಜಿಯ ಬಳಿ ಬಿಟ್ಟರೆ ಸಾಕು. ವರ್ಷಕ್ಕೊಮ್ಮೆ ಮೂರು ದಿನ ಜೊತೆಯಲ್ಲಿರುವುದಕ್ಕಿಂತ ತಿಂಗಳಿಗೊಂದು ದಿನ ಜೊತೆಯಲ್ಲಿರುವುದು ದಾಂಪತ್ಯಕ್ಕೆ ಹೆಚ್ಚು ಒಳ್ಳೆಯದು.

ಪ್ರವಾಸವನ್ನು ಹೀಗೆ ಬಿಡಿಬಿಡಿಯಾಗಿ ಮಾಡಬಹುದು. ಫೋನನ್ನು ಸಾಲವಿಲ್ಲದೆ ಬಿಡಿಬಿಡಿಯಾಗಿ ಕೊಳ್ಳಲಾಗದು. ಆದ್ದರಿಂದ ಕೈಯಲ್ಲಿ ಒಟ್ಟು ಹಣ ಇರುವಾಗಲೇ, ಕಂತಿನ ಗೊಡವೆಯಿಲ್ಲದೆ, ಭದ್ರತಾ ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆ ಎಂದು ಕೇಳಿ ಒಂದು ಸಾಧಾರಣ ಫೋನ್ ಕೊಳ್ಳಿ. ಹಳೆಯದರಲ್ಲಿರುವುದನ್ನೆಲ್ಲ ಅಳಿಸಿ, ಅಧಿಕೃತ ಇ–ತ್ಯಾಜ್ಯ ಸಂಗ್ರಾಹಕರಿಗೇ ಕೊಡಿ. ಹೊಸ ಫೋನನ್ನು ಮನೆಯಲ್ಲಿ ಅತಿ ಹಳೆಯ ಫೋನ್ ಹಿಡಿದುಕೊಂಡವರಿಗೇ ಕೊಡಿ.