ಕನ್ನಡದಲ್ಲಿ ವಿಜ್ಞಾನದ ಪುಸ್ತಕ ಇಲ್ಲ ಅನ್ನುವವರೇ, ಹುಡುಕಿದ್ದೀರಾ?



ನಿಮ್ಮ ಮನೆಯಲ್ಲಿ ಎಂಟನೇ ಕ್ಲಾಸಿನ ತಮ್ಮನೋ ತಂಗಿಯೋ ಇದ್ದಾರೆ ಅನ್ನಿ. ಪಠ್ಯಪುಸ್ತಕವನ್ನು ಜೂನ್‌ನಲ್ಲೇ ಓದಿ ಮುಗಿಸುವ ಜಾತಿ. ನಕ್ಷತ್ರ ಸತ್ತರೆ ಏನಾಗುತ್ತೆ, ಮಂಗನಿಗೂ ಮನುಷ್ಯನಿಗೂ ಮಧ್ಯದವರು ಎಲ್ಲಿ ಹೋದರು ಎಂದು ಪ್ರಾಣ ತಿನ್ನುತ್ತದೆ. ನೀವು ಅಂಗಡಿಗೆ ಹೋಗುತ್ತೀರಿ. ಅಲ್ಲಿ ಸಿಗುವುದು ಬಣ್ಣದ ಚಿತ್ರದ 32 ಪುಟದ ಪುಸ್ತಕ, ಇಲ್ಲವೇ ಕ್ವಿಜ್ ಪುಸ್ತಕ. ಮೊದಲನೆಯದು ಆ ಮಗುವಿಗೆ ಹತ್ತು ನಿಮಿಷಕ್ಕೆ ಸಾಲದು. ಎರಡನೆಯದರಲ್ಲಿ ಉತ್ತರವಿದೆ, ಕಾರಣವಿಲ್ಲ. ಆಗ ನೀವೇ ಹೇಳುತ್ತೀರಿ: "ಇಂಗ್ಲಿಷ್‌ನಲ್ಲಿ ಓದು, ಕನ್ನಡದಲ್ಲಿ ಇದೆಲ್ಲ ಇಲ್ಲ." ಕನ್ನಡ ಅಂದರೆ ಪದ್ಯ ಮತ್ತು ಪರೀಕ್ಷೆ ಎಂದು ಮಗು ಅವತ್ತೇ ತೀರ್ಮಾನಿಸುತ್ತದೆ.

ಇಲ್ಲ ಅಂದವರಾರು? ಹೆಸರು ಹಿಡಿದು ಕೇಳಿ! ಆ ಮಧ್ಯದವರ ಪ್ರಶ್ನೆಗೆ ತೇಜಸ್ವಿಯವರ 'ಮಿಸ್ಸಿಂಗ್ ಲಿಂಕ್' ಇದೆ. ಆಕಾಶದ ಹುಚ್ಚಿಗೆ ಜಿ.ಟಿ. ನಾರಾಯಣರಾವ್ ಇದ್ದಾರೆ, ಗಣಿತದ ಮೇಷ್ಟ್ರು, ಮಗುವನ್ನು ಮಗು ಎಂದು ಸಸಾರ ಮಾಡುವವರಲ್ಲ. ಗಿಡಮರಕ್ಕೆ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು'. ಸಸ್ಯಶಾಸ್ತ್ರದ ಪುಸ್ತಕ, ಓದಿದರೆ ನಗು ತಡೆಯಲಾಗದು, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಕಾರಂತರಂತೂ ಒಬ್ಬರೇ ಕೂತು 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟ ಬರೆದರು. ನಿರಂಜನರ ಸಂಪಾದಕತ್ವದ 'ಜ್ಞಾನಗಂಗೋತ್ರಿ' ಏಳು ಸಂಪುಟ.

ಹಳೆಯದಾಯಿತಲ್ಲ ಅನ್ನಬಹುದು. ಹೌದು. 2006ಕ್ಕೆ ಮುಂಚಿನ ಪುಸ್ತಕದಲ್ಲಿ ಪ್ಲೂಟೋ ಇನ್ನೂ ಗ್ರಹವೇ. ಮಗುವಿನ ಕೈಗೆ ಪೆನ್ಸಿಲ್ ಕೊಡಿ, ಯಾವುದು ಬದಲಾಗಿದೆ ಎಂದು ಅದೇ ಹುಡುಕಿ ಅಂಚಿನಲ್ಲಿ ಬರೆಯಲಿ. ಚುರುಕು ಮಕ್ಕಳಿಗೆ ಇದಕ್ಕಿಂತ ಒಳ್ಳೆ ಆಟ ಇಲ್ಲ. ಆದರೆ ಕ್ವಾಂಟಂ, ವಂಶವಾಹಿ, ಕಂಪ್ಯೂಟರ್ ಒಳಗಿನ ಗಣಿತ—ಇಲ್ಲಿ ನಮ್ಮ ಕಪಾಟು ನಿಜಕ್ಕೂ ತೆಳ್ಳಗಿದೆ, ಮುಚ್ಚಿಡುವುದೇಕೆ?

ಯಾಕೆ ತೆಳ್ಳಗಿದೆ? ನಾನು ಓದಿದ್ದು ಪಿಯುಸಿ, ನಡೆಸುವುದು ಪ್ರೆಸ್ಸು. ಪ್ರೆಸ್ಸಿನ ಲೆಕ್ಕ ಮಾತ್ರ ಹೇಳಬಲ್ಲೆ. ಕಾದಂಬರಿಯ ಹತ್ತು ಪುಟ ಕೂಡಿಸುವ ಹೊತ್ತಿನಲ್ಲಿ ಸೂತ್ರ, ಕೋಷ್ಟಕ, ಚಿತ್ರವಿರುವ ಎರಡು ಪುಟ ಮುಗಿದರೆ ಪುಣ್ಯ. ಕರಡು ಮೂರು ಸಲ ತಿದ್ದಬೇಕು. ಗ್ರಂಥಾಲಯದ ಸಗಟು ಖರೀದಿಯಲ್ಲೋ ಪುಟಕ್ಕಿಷ್ಟು ಎಂದು ದರ. ಒಳಗೆ ಪ್ರೇಮಪತ್ರವಿದ್ದರೂ ಒಂದೇ, ಪರಮಾಣುವಿದ್ದರೂ ಒಂದೇ! ಪ್ರಕಾಶಕರು ಯಾವುದನ್ನು ಹಾಕುತ್ತಾರೆ, ನೀವೇ ಹೇಳಿ. 500 ಪ್ರತಿಗೂ 5000 ಪ್ರತಿಗೂ ಡಿಟಿಪಿ, ಚಿತ್ರ, ಪ್ಲೇಟಿನ ಖರ್ಚು ಹೆಚ್ಚುಕಮ್ಮಿ ಅಷ್ಟೇ. ಕೊಳ್ಳುವವರು ಹೆಚ್ಚಿದರೆ ಮಾತ್ರ ಬೆಲೆ ಇಳಿಯುವುದು.

ಈಗ ಡಿಜಿಟಲ್ ಮುದ್ರಣದಲ್ಲಿ 50 ಪ್ರತಿಯೂ ಆಗುತ್ತದೆ, ದರ ಸ್ವಲ್ಪ ಜಾಸ್ತಿ. ಆದ್ದರಿಂದ ನಿಮ್ಮ ಬಡಾವಣೆಯಲ್ಲಿ 50 ಜನ ಸೇರಿ. ಮುಗಿದುಹೋದ ಪುಸ್ತಕದ ಹೆಸರು ಬರೆದು, ಮುಂಗಡ ಹಿಡಿದು ಪ್ರಕಾಶಕರ ಬಾಗಿಲಿಗೆ ಹೋಗಿ. ನವೆಂಬರ್‌ನಲ್ಲಿ ಫ್ಲೆಕ್ಸಿಗೆ ಸುರಿಯುವ ದುಡ್ಡಿನಲ್ಲಿ ಕಾಲು ಭಾಗ ಸಾಕು. (ಫ್ಲೆಕ್ಸ್ ಹಾಕುವ ನನ್ನ ಗೆಳೆಯರು ಸಿಟ್ಟಾಗಲಿ, ಪರವಾಗಿಲ್ಲ.) ಒಂದು ಪ್ರತಿ ಹತ್ತಿರದ ಸರ್ಕಾರಿ ಶಾಲೆಗೆ ಕೊಡಿ. ಬೀರುವಿನೊಳಗಿಟ್ಟು ಬೀಗ ಹಾಕುತ್ತಾರೋ, ಮಕ್ಕಳ ಕೈಗೆ ಕೊಡುತ್ತಾರೋ ಎಂದು ತಿಂಗಳು ಬಿಟ್ಟು ಹೋಗಿ ನೋಡಿ.