ಕುಸುಬಿಗೆ ಹೆದರಬೇಡಿ, ಅಗಸಿ ಮರೆಯಬೇಡಿ



ಕುಸುಬಿ ಎಣ್ಣೆಯಿಂದ ಕರುಳಿನ ಕ್ಯಾನ್ಸರ್ ಬರುವುದೆಂದು ಯಾರಾದರೂ ಹೇಳಿದರೆ ಗಾಬರಿಯಾಗಬೇಡಿ. ಊಟ, ತಂಬಾಕು, ವಯಸ್ಸು ಕಲೆತಿರುವಲ್ಲಿ ರೋಗದ ಕಾರಣ ಬೇರ್ಪಡಿಸುವುದು ಕಷ್ಟ. ಜೀನ್ ಮಾತ್ರ ಹುಟ್ಟಿನಿಂದಲೇ ಬಂದದ್ದು. ಆದ್ದರಿಂದ ವಿಜ್ಞಾನಿಗಳು ಅದನ್ನೇ ಅಳತೆಗೋಲು ಮಾಡಿಕೊಂಡಿದ್ದಾರೆ.

ಕುಸುಬಿಯ ಲಿನೋಲಿಕ್ ಆಮ್ಲವನ್ನು ಅರಾಕಿಡೋನಿಕ್ ಆಮ್ಲವಾಗಿಸುವ ಜೀನ್ ಚುರುಕಾಗಿರುವವರಲ್ಲಿ ಈ ಕ್ಯಾನ್ಸರಿನ ಸಂಭವ ತುಸು ಹೆಚ್ಚೆಂದು ಅಂಥ ಅಧ್ಯಯನಗಳಲ್ಲಿ ಕಂಡಿದೆ. 2016ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು ಪ್ರಕಟಿಸಿದಂತೆ, ಪುಣೆಯಲ್ಲಿ ಪರೀಕ್ಷಿಸಿದ, ಬಹುಪಾಲು ಶಾಕಾಹಾರಿಗಳಾದವರ ಪೈಕಿ ಶೇ. 68 ಮಂದಿಯಲ್ಲಿ ಇಂಥ ಚುರುಕಿನ ಗುಣವಿತ್ತು. ಅದು ರೋಗದ ತೀರ್ಪಲ್ಲ.

ಅದೇ ಜೀನ್ ಅಗಸಿಯ ಒಮೇಗಾ-3 ಕೊಬ್ಬಿನ ಮೇಲೂ ಕೆಲಸ ಮಾಡುತ್ತದೆ. ಕುಷ್ಟಗಿ, ಯಲಬುರ್ಗಾದ ರೊಟ್ಟಿಯ ಜೊತೆ ಅಗಸಿ ಚಟ್ನಿ ಉಳಿಯಲಿ, ಎಣ್ಣೆ ಮಿತವಾಗಿರಲಿ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ಸುಮ್ಮನಾಗದೆ ವೈದ್ಯರಿಗೆ ತೋರಿಸಿ.