ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ

2025ರ ನವೆಂಬರ್ 26ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಒಂದು ಸಭೆ ಸೇರಿತು. ಬಹುಪಾಲು ಒಂದು ಕಾಲಕ್ಕೆ ಬ್ರಿಟಿಷರ ಆಳಿಕೆಯಲ್ಲಿದ್ದ ನಾಡುಗಳ ಕ್ರೀಡಾಸಂಘಗಳ ಪ್ರತಿನಿಧಿಗಳು ಅಲ್ಲಿ ಕುಳಿತು, 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೆ ಎಂದು ಒಪ್ಪಿಗೆಯಿತ್ತರು. ದೇಶದ ಕೀರ್ತಿ ಬೆಳಗಿತೆಂದು ನಮ್ಮ ಧುರೀಣರು ಒಬ್ಬರನ್ನೊಬ್ಬರು ಅಭಿನಂದಿಸಿಕೊಂಡರು. ಮುಚ್ಚಿಹೋದ ಬಟ್ಟೆ ಗಿರಣಿಗಳ ನೆರಳಿನಲ್ಲಿ ಬದುಕುತ್ತಿರುವ ಅಹಮದಾಬಾದಿನ ಕೂಲಿಕಾರನ ಮತವನ್ನು ಯಾರೂ ಕೇಳಲಿಲ್ಲ. ಕೇಂದ್ರದ ಬೊಕ್ಕಸಕ್ಕೆ ಬೆಂಕಿಪೊಟ್ಟಣದ ಮೇಲೂ ತೆರಿಗೆ ತೆರುವ ನಮ್ಮ ಜಿಲ್ಲೆಯ ರೈತನ ಮಾತಂತೂ ದೂರ ಉಳಿಯಿತು.

ನಾವು ಆಟದ ವೈರಿಗಳಲ್ಲ. ಗರಡಿಮನೆಯ ಕೆಮ್ಮಣ್ಣಿನಲ್ಲಿ ಹೊರಳಿದವರು, ಶಾಲೆಯ ಬಯಲಿನಲ್ಲಿ ಕಬಡ್ಡಿಯಾಡಿ ಮೊಣಕಾಲು ಕೆತ್ತಿಸಿಕೊಂಡವರು ನಮ್ಮಲ್ಲೂ ಇದ್ದಾರೆ. ನಮ್ಮ ತಕರಾರು ಒಂದೇ. ಊರನ್ನು ಆರಿಸುವವರು ಬೇರೆ, ಆಟವನ್ನು ಆರಿಸುವವರು ಬೇರೆ, ಹಣ ಕೊಡುವವರು ಬೇರೆ, ಬೆವರು ಸುರಿಸುವವರು ಇನ್ನೂ ಬೇರೆ. ಕೊನೆಯ ಇಬ್ಬರಿಗೆ ಮಾತಾಡುವ ಹಕ್ಕಿಲ್ಲದ ಯಾವ ಒಪ್ಪಂದವೂ ಜನತೆಯ ಒಪ್ಪಂದವಲ್ಲ.

ಮೊದಲು ಈ ಕೂಟದ ಹುಟ್ಟನ್ನೇ ನೋಡಿ. 1930ರಲ್ಲಿ ಕೆನಡಾದ ಹ್ಯಾಮಿಲ್ಟನ್ನಿನಲ್ಲಿ ಇದು ಪ್ರಾರಂಭವಾದಾಗ ಇದರ ಹೆಸರು ಬ್ರಿಟಿಷ್ ಸಾಮ್ರಾಜ್ಯ ಕ್ರೀಡಾಕೂಟ. ಅದೇ ವರ್ಷ ಗಾಂಧೀಜಿ ಅಹಮದಾಬಾದಿನ ಸಾಬರಮತಿ ಆಶ್ರಮದಿಂದ ಹೊರಟು ದಂಡಿಯಲ್ಲಿ ಉಪ್ಪನ್ನೆತ್ತಿದರು. ಈಗ ಸಾಮ್ರಾಜ್ಯದ ಆಟಕ್ಕೆ ನೂರು ವರ್ಷ ತುಂಬುತ್ತದೆ; ಆ ನೂರರ ಹಬ್ಬವನ್ನು ದಂಡಿಯಾತ್ರೆ ಹೊರಟ ಊರಿನಲ್ಲಿಯೇ ನಮ್ಮ ಖರ್ಚಿನಲ್ಲಿ ಮಾಡಿಸಲು ನಾವೇ ಅರ್ಜಿ ಹಾಕಿಕೊಂಡೆವು! ಉಪ್ಪಿನ ಸತ್ಯಾಗ್ರಹದ ನೂರನೆಯ ವರ್ಷಕ್ಕೆ ಇಷ್ಟು ಕೋಟಿ ತೆಗೆದಿಡುವರೇ ಎಂದು ಕೇಳಿದರೆ ನಮ್ಮನ್ನು ಹುಚ್ಚರೆಂದಾರು.

ಈ ಕೂಟವನ್ನು ಹೊರಲು ಬೇರೆಯವರು ಎಷ್ಟು ಆತುರಪಟ್ಟರು? 2022ರ ಕೂಟ ದಕ್ಷಿಣ ಆಫ್ರಿಕದ ಡರ್ಬನ್ನಿಗೆ ಗೊತ್ತಾಗಿತ್ತು. ಹಣದ ಹೊಂದಾಣಿಕೆ ಆಗದೆ 2017ರಲ್ಲಿ ಕೈತಪ್ಪಿ ಬರ್ಮಿಂಗ್‌ಹ್ಯಾಮಿಗೆ ಹೋಯಿತು. 2026ರದ್ದನ್ನು ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯ ಒಪ್ಪಿಕೊಂಡಿತ್ತು. 260 ಕೋಟಿ ಡಾಲರಿನ ಅಂದಾಜು 600, 700 ಕೋಟಿಗೆ ಏರೀತೆಂದು ಕಂಡಾಗ, 2023ರ ಜುಲೈಯಲ್ಲಿ ಅಲ್ಲಿನ ಮುಖ್ಯಮಂತ್ರಿ ಈ ಕೂಟ ನಮಗೆ ಬೇಡವೆಂದುಬಿಟ್ಟರು. 38 ಕೋಟಿ ಡಾಲರು ಪರಿಹಾರ ತೆತ್ತಾದರೂ ಬಿಡಿಸಿಕೊಂಡರು. ಕೆನಡಾದ ಆಲ್ಬರ್ಟಾ ಸರಕಾರ ಅದೇ ವರ್ಷ 2030ರ ಸ್ಪರ್ಧೆಯಿಂದ ಹಿಂದೆ ಸರಿಯಿತು. ಹಣವಂತರು ಹೀಗೆ ಜಾರಿಕೊಂಡ ಹೊರೆಗೆ ಹೆಗಲು ಕೊಡುವ ಉತ್ಸಾಹ ನಮ್ಮ ಸರಕಾರಕ್ಕೆ!

ಒಬ್ಬರು ಮಾತ್ರ ಕಡೆಯವರೆಗೂ ಕೇಳಿದರು. ನೈಜೀರಿಯದ ಅಬುಜಾ. ನೂರು ವರ್ಷದಲ್ಲಿ ಒಂದು ಸಲವೂ ಈ ಕೂಟ ಆಫ್ರಿಕದ ನೆಲದಲ್ಲಿ ನಡೆದಿಲ್ಲ. ಕರಿಯರ ಬೆವರಿನ ಮೇಲೆ ಕಟ್ಟಿದ ಸಾಮ್ರಾಜ್ಯದ ಆಟದಲ್ಲಿ ಕರಿಯರ ಖಂಡಕ್ಕೆ ಸರದಿ ಬಂದಿಲ್ಲ. ನಿಮ್ಮ ಸಂಗತಿ 2034ಕ್ಕೆ ನೋಡೋಣವೆಂದು ಅವರಿಗೆ ಹೇಳಿ ಕಳಿಸಿದರು. ಏಷ್ಯ ಆಫ್ರಿಕಗಳ ಬಂಧುತ್ವದ ಬಗ್ಗೆ ವೇದಿಕೆಯ ಮೇಲೆ ಗಂಟೆಗಟ್ಟಲೆ ಮಾತಾಡುವ ನಾವು ಪಂಕ್ತಿಯಲ್ಲಿ ಹಸಿದು ಕುಳಿತವನ ಎಲೆಯನ್ನು ಎಳೆದುಕೊಂಡೆವು. ದಿಲ್ಲಿಯಲ್ಲಿ ಒಮ್ಮೆ ಉಂಡವರು ನಾವು. ಹಿಂದೆ ಸರಿದಿದ್ದರೆ ಮರ್ಯಾದೆ ಹೆಚ್ಚುತ್ತಿತ್ತು.

ದಿಲ್ಲಿಯ ಊಟದ ಲೆಕ್ಕ ಮರೆಯುವಂಥದಲ್ಲ. 2003ರಲ್ಲಿ ಜಮೈಕದಲ್ಲಿ ಮತದಾನವಾದಾಗ ದಿಲ್ಲಿಗೆ 46, ಹ್ಯಾಮಿಲ್ಟನ್ನಿಗೆ 22 ಮತ ಬಂದವು. ಮತದಾನಕ್ಕೆ ಮುನ್ನ ತರಬೇತಿಯ ಹೆಸರಿನಲ್ಲಿ ಪ್ರತಿಯೊಂದು ಸದಸ್ಯ ದೇಶಕ್ಕೂ ಒಂದು ಲಕ್ಷ ಡಾಲರು ಕೊಡುವುದಾಗಿ ನಮ್ಮವರು ಮಾತು ಕೊಟ್ಟಿದ್ದರು. ಪಂಚಾಯಿತಿ ಚುನಾವಣೆಯಲ್ಲಿ ಸೀರೆ ಹಂಚಿದರೆ ಅದಕ್ಕೆ ನಾವೊಂದು ಹೆಸರಿಡುತ್ತೇವೆ. ಇದಕ್ಕೇನು ಹೆಸರಿಡಬೇಕೋ ವಾಚಕರೇ ಹೇಳಲಿ. ಸುಮಾರು 1,200 ಕೋಟಿ ರೂಪಾಯಿಯೆಂದು ಆರಂಭವಾದ ಅಂದಾಜು 18,532 ಕೋಟಿಗೆ ಬೆಳೆಯಿತೆಂದು ಮಹಾಲೇಖಪಾಲರು 2011ರ ವರದಿಯಲ್ಲಿ ಬರೆದರು. ಅದಕ್ಕಿಂತ ನಾಚಿಕೆಗೇಡಿನ ಸಂಗತಿಯೊಂದಿದೆ. ಪರಿಶಿಷ್ಟ ಜಾತಿಯವರ ಏಳಿಗೆಗೆಂದು ದಿಲ್ಲಿ ಸರಕಾರ ತೆಗೆದಿಟ್ಟಿದ್ದ ಹಣದಲ್ಲಿ ಏಳು ನೂರು ಕೋಟಿಯ ಆಸುಪಾಸು ಈ ಕೂಟದ ಕೆಲಸಗಳಿಗೆ ಹರಿದುಹೋಗಿತ್ತು. ಅದು ತಪ್ಪೆಂದು ಆಗಿನ ಗೃಹಮಂತ್ರಿಗಳೇ 2010ರಲ್ಲಿ ರಾಜ್ಯಸಭೆಯಲ್ಲಿ ಒಪ್ಪಿಕೊಳ್ಳಬೇಕಾಯಿತು. ದಲಿತ ಹುಡುಗನ ವಿದ್ಯಾರ್ಥಿನಿಲಯಕ್ಕೆ ಸಿಮೆಂಟಿಲ್ಲ, ಓಟದ ಮೈದಾನಕ್ಕೆ ರಬ್ಬರಿನ ಹಾಸು!

ಬೆವರು ಸುರಿಸಿದವರ ಕಥೆ ಇನ್ನೂ ಹಳೆಯದು. 1982ರ ಏಷ್ಯನ್ ಕ್ರೀಡಾಕೂಟಕ್ಕೆ ದಿಲ್ಲಿಯಲ್ಲಿ ಮೇಲ್ಸೇತುವೆಗಳು, ಕ್ರೀಡಾಂಗಣಗಳು ಹಗಲೂ ರಾತ್ರಿ ಏಳುತ್ತಿದ್ದವು. ಆಗ ಅಲ್ಲಿ ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ. ಗುತ್ತೇದಾರ ಅದನ್ನು ಜಮಾದಾರನ ಕೈಗೆ ಕೊಡುತ್ತಿದ್ದ. ಜಮಾದಾರ ತಲೆಗೊಂದು ರೂಪಾಯಿ ಮುರಿದುಕೊಂಡು 8 ರೂಪಾಯಿ 25 ಪೈಸೆ ಹಂಚುತ್ತಿದ್ದ. ಹೆಂಗಸರಿಗೆ ಏಳೇ ರೂಪಾಯಿ ಕೊಡುತ್ತಾರೆಂಬ ದೂರೂ ಇತ್ತು. ಜನತಾಂತ್ರಿಕ ಹಕ್ಕುಗಳಿಗಾಗಿ ದುಡಿಯುವ ಸಂಘವೊಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಿಗೆ ಕಾಗದ ಬರೆಯಿತು. ಆ ಕಾಗದವೇ ಅರ್ಜಿಯಾಯಿತು. 1982ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ಭಗವತಿಯವರು ಕೊಟ್ಟ ತೀರ್ಪು ಇಂದಿಗೂ ದುಡಿಯುವವರ ಕೈಯಲ್ಲಿರುವ ಆಯುಧ: ಕನಿಷ್ಠ ಕೂಲಿಗಿಂತ ಕಡಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ. ಸ್ವತಂತ್ರ ಭಾರತದ ಸಂಭ್ರಮದ ಕೂಟದಲ್ಲಿ ಬಿಟ್ಟಿ ಚಾಕರಿ ನಡೆಯುತ್ತಿತ್ತು ಎಂದು ಇದರ ಅರ್ಥ. ಎರಡು ತಿಂಗಳಲ್ಲಿ ಕೂಟ ಆರಂಭವಾಯಿತು, ದೀಪ ಹತ್ತಿತು. 2010ರಲ್ಲಿ ಮತ್ತದೇ ದಿಲ್ಲಿಯಲ್ಲಿ ಮತ್ತದೇ ದೂರುಗಳು ಹೈಕೋರ್ಟಿನ ಮೆಟ್ಟಿಲು ಹತ್ತಿದವು. 2030ಕ್ಕೆ ಅಹಮದಾಬಾದಿನಲ್ಲಿ ಕಲ್ಲು ಹೊರುವವರು ಎಲ್ಲಿಂದ ಬರುತ್ತಾರೆ, ಅವರ ಕೂಲಿಯನ್ನು ಯಾವ ಜಮಾದಾರ ಮುರಿಯುತ್ತಾನೆ ಎಂಬುದನ್ನು ಗ್ಲಾಸ್ಗೋದ ಸಭೆ ವಿಚಾರಿಸಿದ್ದರೆ ನಾವು ಆ ಸಭೆಗೆ ತಲೆಬಾಗುತ್ತಿದ್ದೆವು.

ಇನ್ನು ಆಟಗಳ ಆಯ್ಕೆ. ವಿಕ್ಟೋರಿಯ ಬಿಟ್ಟ ಕೂಟವನ್ನು ಎತ್ತಿಕೊಂಡ ಗ್ಲಾಸ್ಗೋ, ಖರ್ಚು ತಗ್ಗಿಸಲು 2026ಕ್ಕೆ ಹತ್ತೇ ಆಟಗಳನ್ನು ಉಳಿಸಿಕೊಂಡಿತು. ಖರ್ಚು ತಗ್ಗಿಸಿದ್ದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಯಾವುದನ್ನು ಉಳಿಸಿದರು, ಯಾವುದನ್ನು ಕಿತ್ತೆಸೆದರು? ಹುಲ್ಲುಹಾಸಿನ ಮೇಲೆ ಚೆಂಡುರುಳಿಸುವ ಬೌಲ್ಸ್ ಉಳಿಯಿತು, ನೆಟ್‌ಬಾಲ್ ಉಳಿಯಿತು. ಹಾಕಿ ಹೋಯಿತು, ಕುಸ್ತಿ ಹೋಯಿತು, ಬ್ಯಾಡ್ಮಿಂಟನ್ ಹೋಯಿತು. 2022ರಲ್ಲಿ ಭಾರತ ಗೆದ್ದ 61 ಪದಕಗಳಲ್ಲಿ ಹನ್ನೆರಡು ಕುಸ್ತಿಯವು. 1934ರಲ್ಲಿ ಲಂಡನ್ನಿನ ಸಾಮ್ರಾಜ್ಯ ಕೂಟದಲ್ಲಿ ಭಾರತಕ್ಕೆ ಮೊತ್ತಮೊದಲ ಪದಕ ತಂದ ರಶೀದ್ ಅನ್ವರ್ ಸಹ ಜಟ್ಟಿಯೇ. (2022ರಲ್ಲಿ ಬೌಲ್ಸಿನಲ್ಲಿ ಚಿನ್ನ ಗೆದ್ದವರೂ ನಮ್ಮ ಹೆಣ್ಣುಮಕ್ಕಳೇ. ಅವರ ಗೆಲುವಿನಲ್ಲಿ ನಮಗೂ ಹೆಮ್ಮೆಯಿದೆ. ಆದರೆ ಆ ಆಟಕ್ಕೆ ಬೇಕಾದ ಹುಲ್ಲುಹಾಸು ನಮ್ಮ ಯಾವ ತಾಲ್ಲೂಕಿನಲ್ಲಿದೆ?)

ಕೊಡಗನ್ನು ನೋಡಿ. 1997ರಿಂದ ಅಲ್ಲಿ ಕುಟುಂಬಕ್ಕೊಂದು ತಂಡ ಕಟ್ಟಿ ಹಾಕಿಯಾಡುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ತಂಡಗಳ ಸಂಖ್ಯೆ 300 ದಾಟಿದೆ. ಅಜ್ಜನೂ ಮೊಮ್ಮಗನೂ ಸೊಸೆಯೂ ಒಂದೇ ತಂಡದಲ್ಲಿ ಕೋಲು ಹಿಡಿಯುವ ಈ ಆಟವನ್ನು ದೂರದ ಊರಿನಲ್ಲಿ ಕುಳಿತ ನಾಲ್ಕು ಜನ ಲೆಕ್ಕಿಗರು ಒಂದು ಗೀಟಿನಲ್ಲಿ ಹೊಡೆದುಹಾಕಬಲ್ಲರು. 2030ಕ್ಕೆ 15ರಿಂದ 17 ಆಟಗಳಿರುತ್ತವೆ, ಎರಡು ಹೊಸ ಅಥವಾ ನಾಡಿನ ಆಟಗಳನ್ನು ಆತಿಥೇಯರು ಸೂಚಿಸಬಹುದು ಎಂದು ಹೇಳಿದ್ದಾರೆ. ಸೂಚಿಸುವವರು ಯಾರು? ಟೆಲಿವಿಷನ್ನಿನಲ್ಲಿ ಯಾವುದಕ್ಕೆ ಜಾಹೀರಾತು ಬರುತ್ತದೆಂದು ನೋಡುವವರೋ, ಗರಡಿಯವರೋ?

ಕೂಟ ಮುಗಿದರೂ ಕಟ್ಟಡ ಉಳಿಯುತ್ತದಲ್ಲ ಎನ್ನುವವರುಂಟು. ಉಳಿಯುತ್ತದೆ, ಯಾರಿಗೆ? 1997ರ ರಾಷ್ಟ್ರೀಯ ಕ್ರೀಡೆಗಳಿಗೆಂದು ಬೆಂಗಳೂರಿನ ಕೋರಮಂಗಲದಲ್ಲಿ ಎದ್ದ ಕ್ರೀಡಾಗ್ರಾಮದ ಮನೆಗಳಲ್ಲಿ ಇಂದು ಎಷ್ಟು ಜನ ಗಾರೆ ಕೆಲಸದವರಿದ್ದಾರೆ, ಹೋಗಿ ಎಣಿಸಿ ಬನ್ನಿ. ದೊಡ್ಡ ಖರ್ಚಿಲ್ಲದೆ ಕೂಟ ನಡೆಯದೆಂಬುದೂ ಸುಳ್ಳು. 1951ರಲ್ಲಿ ಮೊದಲ ಏಷ್ಯನ್ ಕೂಟ ನಡೆದದ್ದು ದಿಲ್ಲಿಯಲ್ಲೇ. 11 ದೇಶಗಳಿಂದ 489 ಆಟಗಾರರು ಬಂದರು. ಆಗಲೇ ಇದ್ದ ಇರ್ವಿನ್ ಹೆಸರಿನ ಬಯಲು ರಂಗವೇ ರಾಷ್ಟ್ರೀಯ ಕ್ರೀಡಾಂಗಣವಾಯಿತು. ಅನ್ನಕ್ಕೆ ತತ್ವಾರವಿದ್ದ ದಿನಗಳವು; ಆದರೂ ಆಟ ನಡೆಯಿತು.

ಊರಿನವರನ್ನು ಕೇಳುವುದು ಅಸಾಧ್ಯವೇನಲ್ಲ. 1972ರಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯದ ಮತದಾರರು ಹಣ ಕೊಡುವುದಿಲ್ಲವೆಂದು ಮತ ಹಾಕಿದರು. ಡೆನ್ವರಿಗೆ ಗೊತ್ತಾಗಿದ್ದ ಚಳಿಗಾಲದ ಒಲಿಂಪಿಕ್ಸ್ ಆಸ್ಟ್ರಿಯದ ಇನ್ಸ್‌ಬ್ರುಕ್ಕಿಗೆ ಹೋಯಿತು. 2015ರಲ್ಲಿ ಜರ್ಮನಿಯ ಹ್ಯಾಂಬರ್ಗಿನವರೂ ಮತ ಹಾಕಿಯೇ ಬೇಡವೆಂದರು. ಅಮೆರಿಕದವನಿಗೂ ಜರ್ಮನಿಯವನಿಗೂ ಇರುವ ವಿವೇಕ ನಮ್ಮ ಜನಕ್ಕಿಲ್ಲವೆಂದು ಸರಕಾರ ಭಾವಿಸಿದ್ದರೆ ಅದನ್ನೇ ಬಾಯಿಬಿಟ್ಟು ಹೇಳಲಿ.

2036ರ ಒಲಿಂಪಿಕ್ಸ್ ನಮಗೆ ಬೇಕೆಂಬ ಕಾಗದ 2024ರ ಅಕ್ಟೋಬರಿನಲ್ಲೇ ಹೋಗಿದೆ. ಆದ್ದರಿಂದ ಕಾಲ ಮೀರಿಲ್ಲ. ಅಹಮದಾಬಾದಿನ ಒಪ್ಪಂದದ ಪ್ರತಿಯನ್ನು ಒಂದು ಪುಟವೂ ಬಿಡದಂತೆ ಲೋಕಸಭೆಯ ಮುಂದಿಡಬೇಕು. ಖರ್ಚು ಅಂದಾಜು ಮೀರಿದರೆ ತುಂಬುವವರು ಯಾರೆಂದು ಅದರಲ್ಲಿ ಬರೆದಿರಬೇಕು. ಪರಿಶಿಷ್ಟರ ನಿಧಿಯ ಒಂದು ಬಿಡಿಗಾಸೂ ಅತ್ತ ಹೋಗದೆಂದು ಸರಕಾರ ಈಗಲೇ ಘೋಷಿಸಬೇಕು. ಕೆಲಸದ ಪ್ರತಿ ಜಾಗದಲ್ಲೂ ಅಂದಿನ ಕೂಲಿಯ ದರವನ್ನು ಕೂಲಿಕಾರನ ಭಾಷೆಯಲ್ಲಿ ಹಲಗೆಯ ಮೇಲೆ ಬರೆಸಿ ನಿಲ್ಲಿಸಬೇಕು. ನಮ್ಮ ಜಿಲ್ಲೆಯ ಸಂಸತ್ ಸದಸ್ಯರು ಮುಂದಿನ ಅಧಿವೇಶನದಲ್ಲಿ ಈ ಪ್ರಶ್ನೆಗಳನ್ನು ಕೇಳುವರೇ? ಅವರ ಉತ್ತರ ಬಂದರೆ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ. ಬರದಿದ್ದರೆ ಆ ಜಾಗವನ್ನು ಖಾಲಿ ಬಿಡುತ್ತೇವೆ.